ಫಾರ್ಚೂನರ್‌ಗೆ ಮೂರು ಜೊತೆ ಬ್ರೇಕ್ ಪ್ಯಾಡ್: ಉಡುಪಿಯ ಮಳೆಯಲ್ಲಿ, ಆಗುಂಬೆಯ ಇಳಿಜಾರಿನಲ್ಲಿ

ನಮ್ಮ ಮನೆ ಉಡುಪಿಯಲ್ಲಿ, ಹೆಂಡತಿಯ ತವರು ತೀರ್ಥಹಳ್ಳಿಯ ಆಚೆ. ಈ ಎರಡು ಮನೆಗಳ ನಡುವೆ ಹೆಬ್ರಿ, ಸೋಮೇಶ್ವರ ದಾಟಿದ ಮೇಲೆ ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿ ಇದೆ. ವರ್ಷಕ್ಕೆ ಹತ್ತು ಹನ್ನೆರಡು ಸಲವಾದರೂ ಅದನ್ನು ಹತ್ತಿ ಇಳಿಯುವುದು ನಮ್ಮಲ್ಲಿ ವಾಡಿಕೆ. ವಾಹನ 2017ರ ಟೊಯೊಟಾ ಫಾರ್ಚೂನರ್, 2.8 ಲೀಟರ್ ಡೀಸೆಲ್, ಆಟೊಮ್ಯಾಟಿಕ್, ಫೋರ್ ವೀಲ್ ಡ್ರೈವ್. ಫ್ಯಾಕ್ಟರಿಯಿಂದ ಬಂದಿದ್ದ ಪ್ಯಾಡ್‌ಗಳು, ಅಂದರೆ ಬ್ರೇಕ್ ಒತ್ತಿದಾಗ ಚಕ್ರದೊಂದಿಗೆ ತಿರುಗುವ ಲೋಹದ ಡಿಸ್ಕನ್ನು ಎರಡೂ ಬದಿಯಿಂದ ಅಮುಕಿ ಹಿಡಿಯುವ ತುಂಡುಗಳು, ಸವೆದ ಮೇಲೆ ಅದರ ಮುಂದಿನ ಚಕ್ರಗಳಿಗೆ ನಾನು ಒಂದಾದ ಮೇಲೊಂದರಂತೆ ಮೂರು ಬಗೆಯ ಬ್ರೇಕ್ ಪ್ಯಾಡ್ ಹಾಕಿಸಿದ್ದೇನೆ: ಮೊದಲು ಅರ್ಧ ಬೆಲೆಗೆ ಸಿಕ್ಕ, ಲೋಹದ ಎಳೆ ಬೆರೆತ ಸೆಮಿ ಮೆಟಾಲಿಕ್, ಆಮೇಲೆ ಪಿಂಗಾಣಿಯಂಥ ವಸ್ತುವಿನ ಎಳೆ ಬೆರೆತ ಹೊರದೇಶದ ದುಬಾರಿ ಸೆರಾಮಿಕ್, ಕೊನೆಗೆ ಪುನಃ ಕಂಪನಿಯ ಅಸಲಿ ಪ್ಯಾಡ್. ಮೊದಲ ಎರಡರ ತಯಾರಕರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಂದು ವಾಹನದಲ್ಲಿ ಒಂದು ಜೊತೆ ಪ್ಯಾಡ್ ಹೇಗೆ ನಡೆದುಕೊಂಡಿತು ಎಂಬುದರಿಂದ ಒಂದು ಕಂಪನಿಯನ್ನೇ ತೂಗಿ ಬೆಲೆ ಕಟ್ಟುವುದು ನ್ಯಾಯವಲ್ಲ, ಮೇಲಾಗಿ ನನ್ನ ಕೈಗೆ ಬಂದ ಪೆಟ್ಟಿಗೆ ಅಸಲಿಯೇ ಆಗಿತ್ತೆಂದು ಪ್ರಮಾಣ ಮಾಡಿ ಹೇಳುವ ಧೈರ್ಯವೂ ನನಗಿಲ್ಲ.

ಅಂಗಡಿಗೆ ಹೋದಾಗ ನಾವೆಲ್ಲ ಮೊದಲು ಕೇಳುವುದು, ಇದು ಎಷ್ಟು ಕಿಲೋಮೀಟರ್ ಬಾಳುತ್ತದೆ ಎಂದು. ನಾನೂ ಹಾಗೆಯೇ ಕೇಳಿದ್ದೆ, ಅಂಗಡಿಯವರು ಕೊಟ್ಟ ಉತ್ತರಕ್ಕೆ ತಲೆದೂಗಿಯೂ ಇದ್ದೆ. ಈಗ ನನಗನಿಸುವಂತೆ, ಇಷ್ಟು ಭಾರದ ಗಾಡಿಗೆ ಪ್ಯಾಡ್ ಆರಿಸುವಾಗ ಕಿಲೋಮೀಟರ್ ಲೆಕ್ಕವನ್ನು ಕೊನೆಗಿಟ್ಟು, ಆ ಗಾಡಿ ವರ್ಷದಲ್ಲಿ ಎದುರಿಸುವ ಅತ್ಯಂತ ಕಷ್ಟದ ಇಳಿಜಾರು ಯಾವುದು, ಆ ದಿನ ಒಳಗೆ ಎಷ್ಟು ಜನ ಇರುತ್ತಾರೆ, ಮಳೆ ಬರುತ್ತಿರುತ್ತದೆಯೇ ಎಂಬುದನ್ನು ಮೊದಲು ಯೋಚಿಸಬೇಕು. ಮಣಿಪಾಲಕ್ಕೂ ಮಲ್ಪೆಗೂ ಓಡಾಡುವುದಕ್ಕೆ ಯಾವ ಪ್ಯಾಡ್ ಆದರೂ ನಡೆಯುತ್ತದೆ.

ಏಕೆಂದು ಒಂದು ಸಣ್ಣ ಲೆಕ್ಕ ಹೇಳುತ್ತದೆ. ಫಾರ್ಚೂನರ್ ಖಾಲಿ ನಿಂತಾಗಲೇ 2 ಟನ್‌ಗಿಂತ ಹೆಚ್ಚು ತೂಗುತ್ತದೆ. ಏಳು ಜನ ಕುಳಿತು ಸಾಮಾನೂ ಸೇರಿದರೆ ಎರಡೂವರೆ ಟನ್ ದಾಟುತ್ತದೆ. ಎರಡೂವರೆ ಟನ್ ತೂಕ 500 ಮೀಟರ್ ಕೆಳಗಿಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 12 ಮೆಗಾಜೂಲ್, ಅಂದರೆ ನಮ್ಮ ಕರೆಂಟು ಬಿಲ್ಲಿನ ಭಾಷೆಯಲ್ಲಿ 3.4 ಯುನಿಟ್. ಎರಡು ಕಿಲೋವಾಟ್‌ನ ಗೀಸರನ್ನು ಒಂದು ಗಂಟೆ ನಲವತ್ತು ನಿಮಿಷ ಹಚ್ಚಿಟ್ಟರೆ ಬರುವಷ್ಟು ಶಾಖ ಅದು. ಇದೇ ಗಾಡಿಯನ್ನು ಹೆದ್ದಾರಿಯಲ್ಲಿ ಗಂಟೆಗೆ 100 ಕಿ.ಮೀ. ವೇಗದಿಂದ ಒಮ್ಮೆ ಪೂರ್ತಿ ನಿಲ್ಲಿಸಿದಾಗ ಹುಟ್ಟುವ ಶಾಖ ಒಂದು ಮೆಗಾಜೂಲ್‌ಗಿಂತ ತುಸು ಕಡಿಮೆ. ಹೀಗಾಗಿ, ಕೆಳಗಿನ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ತಡೆಯುವ ನೆರವಿಲ್ಲದೆ ಬ್ರೇಕ್ ಒತ್ತಿಕೊಂಡೇ ಘಾಟಿ ಇಳಿಯುವುದೆಂದರೆ ನೂರರ ವೇಗದಿಂದ ಹನ್ನೆರಡು ಸಲ ನಿಲ್ಲಿಸಿದಂತೆ, ಅದೂ ಗಾಳಿ ತಾಗಿ ತಣಿಯುವ ಅವಕಾಶವಿಲ್ಲದ ನಿಧಾನ ವೇಗದಲ್ಲಿ. ಇದರಲ್ಲಿ ಹೆಚ್ಚಿನ ಪಾಲನ್ನು ಮುಂದಿನ ಎರಡು ಚಕ್ರಗಳೇ ಹೊರುತ್ತವೆ, ಏಕೆಂದರೆ ಬ್ರೇಕ್ ಹಿಡಿದಾಗಲೂ ಇಳಿಜಾರಿನಲ್ಲೂ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ.

ಸೆಮಿ ಮೆಟಾಲಿಕ್ ಜೊತೆಯ ನಿಜಬಣ್ಣ ನನಗೆ ತಿಳಿದದ್ದು ಒಂದು ಮೇ ತಿಂಗಳಲ್ಲಿ. ತೀರ್ಥಹಳ್ಳಿಯಲ್ಲಿ ಮದುವೆ ಮುಗಿಸಿ ಏಳು ಜನ ಹೊರಟಿದ್ದೆವು. ಹಿಂದೆ ಮಾವ ಪ್ರೀತಿಯಿಂದ ಹೇರಿದ್ದ ಹಲಸಿನ ಹಣ್ಣುಗಳಿದ್ದವು. ಆಗುಂಬೆಯ ಸೂರ್ಯಾಸ್ತ ನೋಡುವ ಜಾಗದಿಂದಲೇ ಒಂದು ಬಸ್ಸು ನಮ್ಮ ಮುಂದೆ ಸೇರಿಕೊಂಡಿತು, ಅದು ನಿಂತಲ್ಲಿ ನಾವೂ ನಿಂತು, ಅದು ಹೊರಟಲ್ಲಿ ನಾವೂ ಹೊರಟು, ಗೇರ್ ತಾನಾಗಿಯೇ ಬದಲಾಗುವ ಡಿ ಯಲ್ಲೇ ಇದ್ದುದರಿಂದ ಕಾಲು ಬ್ರೇಕಿನ ಮೇಲಿಂದ ಏಳಲೇ ಇಲ್ಲ. ಹತ್ತನೆಯ ತಿರುವಿನ ಹೊತ್ತಿಗೆ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿತ್ತು, ಆದರೆ ಎಷ್ಟು ಒತ್ತಿದರೂ ಗಾಡಿ ಹಿಡಿಯುತ್ತಿರಲಿಲ್ಲ. ಬೆಂದ ರಾಳದ ವಾಸನೆ ಒಳಗೆಲ್ಲ ತುಂಬಿತು. ಎರಡನೇ ಗೇರಿಗೆ ಇಳಿಸಿ, ಬಸ್ಸಿಗೂ ನಮಗೂ ದೊಡ್ಡ ಅಂತರ ಬಿಟ್ಟು, ಹೇಗೋ ಸೋಮೇಶ್ವರ ತಲುಪಿ ನಿಲ್ಲಿಸಿದಾಗ ಮುಂದಿನ ಎರಡೂ ಚಕ್ರಗಳಿಂದ ಹೊಗೆ ಏಳುತ್ತಿತ್ತು. ತಪ್ಪಿನಲ್ಲಿ ಅರ್ಧ ಪಾಲು ನನ್ನದೇ, ಅದನ್ನು ಮುಚ್ಚಿಡುವುದಿಲ್ಲ. ಘಾಟಿಯನ್ನು ಯಾವ ಗೇರಿನಲ್ಲಿ ಹತ್ತುತ್ತೇವೋ ಅದೇ ಗೇರಿನಲ್ಲಿ ಇಳಿಯಬೇಕೆಂದು ನಮ್ಮ ಕಡೆಯ ಹಳೆಯ ಜೀಪು ಚಾಲಕರೆಲ್ಲ ಹೇಳುತ್ತಿದ್ದ ಮಾತನ್ನು ಆಟೊಮ್ಯಾಟಿಕ್ ಗಾಡಿಯ ಸುಖದಲ್ಲಿ ನಾನು ಮರೆತಿದ್ದೆ. ಆದರೆ ಫ್ಯಾಕ್ಟರಿ ಪ್ಯಾಡ್‌ಗಳಿದ್ದಾಗಲೂ ನಾನು ಹೀಗೆಯೇ ಇಳಿಯುತ್ತಿದ್ದೆ, ಆಗ ವಾಸನೆ ಬಂದದ್ದುಂಟು, ಹಿಡಿತ ತಪ್ಪಿದ್ದಿಲ್ಲ.

ಇಲ್ಲಿ ಪೆಡಲ್ ಗಟ್ಟಿಯಾಗಿತ್ತು ಎಂಬುದು ಮುಖ್ಯವಾದ ಗುರುತು. ಬ್ರೇಕ್ ಸೋಲುವುದು ಎರಡು ರೀತಿಯಲ್ಲಿ. ಪ್ಯಾಡಿನ ಪದರವನ್ನು ಹಿಡಿದಿಟ್ಟಿರುವುದು ಫಿನಾಲಿಕ್ ರಾಳ. ಶಾಖ 300 ಡಿಗ್ರಿ ಸೆಲ್ಸಿಯಸ್ ದಾಟಿದಂತೆ ಅದು ಒಡೆಯತೊಡಗಿ ಅನಿಲ ಹೊರಡುತ್ತದೆ, ಪ್ಯಾಡಿಗೂ ಡಿಸ್ಕಿಗೂ ನಡುವಿನ ಹಿಡಿತ ಜಾರುತ್ತದೆ. ಆಗ ಪೆಡಲ್ ಗಟ್ಟಿಯಾಗಿಯೇ ಇದ್ದು, ಗಾಡಿ ಮಾತ್ರ ನಿಲ್ಲುವುದಿಲ್ಲ. ಇನ್ನೊಂದು ರೀತಿಯಲ್ಲಿ, ಪೆಡಲಿನ ಒತ್ತಡವನ್ನು ಚಕ್ರಗಳಿಗೆ ಮುಟ್ಟಿಸುವ ಬ್ರೇಕ್ ಆಯಿಲ್ ಕುದಿದು ಅದರೊಳಗೆ ಆವಿಯ ಗುಳ್ಳೆಗಳೇಳುತ್ತವೆ. ಆಗ ಪೆಡಲ್ ಸ್ಪಂಜಿನಂತೆ ತಳದವರೆಗೂ ಇಳಿದುಹೋಗುತ್ತದೆ. ಮೊದಲನೆಯದಕ್ಕೆ ಪ್ಯಾಡ್ ಕಾರಣ. ಎರಡನೆಯದಕ್ಕೆ ಎಷ್ಟು ಒಳ್ಳೆಯ ಪ್ಯಾಡ್ ಹಾಕಿದರೂ ಮದ್ದಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ: ಡಾಟ್ 3 ಎಂಬ ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ, ಡಾಟ್ 4ಕ್ಕೆ ಇವೇ ಅಂಕಿಗಳು 230 ಮತ್ತು 155. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ, ಬೇಸಗೆಯಲ್ಲೂ ಅಂಗಿ ಮೈಗೆ ಅಂಟುವ ಕರಾವಳಿಯಲ್ಲಿ ಎರಡು ವರ್ಷಕ್ಕೊಮ್ಮೆ ಇದನ್ನು ಬದಲಾಯಿಸುವುದನ್ನು ಮುಂದೂಡಬಾರದು. ಯಾವ ದರ್ಜೆಯ ಆಯಿಲ್ ಎಂಬುದು ಬಾನೆಟ್ಟಿನೊಳಗಿನ ಡಬ್ಬಿಯ ಮುಚ್ಚಳದ ಮೇಲೆಯೇ ಅಚ್ಚಾಗಿರುತ್ತದೆ.

ಆ ಪ್ಯಾಡಿನ ಪೆಟ್ಟಿಗೆಯ ಮೇಲೆ ಹೆವಿ ಡ್ಯೂಟಿ ಎಂದು ದಪ್ಪಕ್ಷರದಲ್ಲಿತ್ತು. ಮನೆಗೆ ಬಂದ ಮೇಲೆ ಚಕ್ರ ಕಳಚಿಸಿ ಪ್ಯಾಡಿನ ಅಂಚನ್ನು ಓದಿದಾಗ ಅಲ್ಲಿ ಎಫ್‌ಇ ಎಂಬ ಎರಡು ಅಕ್ಷರಗಳಿದ್ದವು. ಇದು ಅಮೆರಿಕದ ಎಸ್‌ಎಇ ಸಂಸ್ಥೆಯ ಜೆ866 ಪದ್ಧತಿಯ ಗುರುತು. ಮೊದಲ ಅಕ್ಷರ ಸಾಧಾರಣ ಬಿಸಿಯಲ್ಲಿ ಪ್ಯಾಡಿನ ಘರ್ಷಣೆ ಎಷ್ಟೆಂದು ಹೇಳಿದರೆ, ಎರಡನೆಯದು ಚೆನ್ನಾಗಿ ಕಾದ ಮೇಲೆ ಎಷ್ಟು ಉಳಿಯುತ್ತದೆ ಎಂದು ಹೇಳುತ್ತದೆ. ಘರ್ಷಣಾಂಕ 0.25ರಿಂದ 0.35ರವರೆಗೆ ಇದ್ದರೆ ಇ, 0.35ರಿಂದ 0.45ರವರೆಗೆ ಎಫ್, 0.45ರಿಂದ 0.55ರವರೆಗೆ ಜಿ, ಅದಕ್ಕೂ ಮೇಲಾದರೆ ಎಚ್. ಹಾಗಾಗಿ ಎಫ್‌ಇ ಎಂದರೆ ತಣ್ಣಗಿರುವಾಗ ಸರಿಯಾಗಿಯೇ ಹಿಡಿದು, ಕಾದ ಮೇಲೆ ಒಂದು ಮೆಟ್ಟಿಲು ಕೆಳಗಿಳಿಯುವ ಪ್ಯಾಡ್. ಹೆವಿ ಡ್ಯೂಟಿ ಎಂಬ ಮಾತು ಪೆಟ್ಟಿಗೆಯ ಮೇಲೆ, ನಿಜ ಮಾತ್ರ ಅಂಚಿನಲ್ಲಿ ಇರುವೆ ಗಾತ್ರದ ಅಕ್ಷರಗಳಲ್ಲಿ. ಈ ಅಕ್ಷರಗಳನ್ನೇ ವೇದವಾಕ್ಯವೆಂದು ನಂಬಬೇಕಿಲ್ಲ. ಒಂದು ಇಂಚು ಚೌಕದ ತುಂಡನ್ನು ಪ್ರಯೋಗಾಲಯದ ಯಂತ್ರದಲ್ಲಿ ಉಜ್ಜಿ ಪಡೆದ ಫಲಿತಾಂಶ ಅದು, ಸವೆತದ ಬಗ್ಗೆಯಾಗಲಿ ಸದ್ದಿನ ಬಗ್ಗೆಯಾಗಲಿ ಏನೂ ಹೇಳುವುದಿಲ್ಲ. ಆದರೂ ಎರಡನೆಯ ಅಕ್ಷರ ಮೊದಲನೆಯದಕ್ಕಿಂತ ಕೆಳಗಿದ್ದರೆ ಘಾಟಿ ಇಳಿಯುವ ಗಾಡಿಗೆ ಅದು ಬೇಡ ಎನ್ನುವಷ್ಟು ತಿಳಿವಳಿಕೆ ಅದರಿಂದ ಸಿಗುತ್ತದೆ. ಸೆಮಿ ಮೆಟಾಲಿಕ್ ಎಂಬ ಜಾತಿಯನ್ನೇ ದೂರಲೂ ಬಾರದು; ಉಕ್ಕಿನ ಎಳೆ, ಕಬ್ಬಿಣದ ಪುಡಿ ಸೇರಿದ ಈ ಬಗೆ ಸಾಮಾನ್ಯವಾಗಿ ಶಾಖಕ್ಕೆ ಚೆನ್ನಾಗಿ ತಡೆದುಕೊಳ್ಳುತ್ತದೆ, ಭಾರದ ಗಾಡಿಗಳಿಗೆ ಒಪ್ಪುತ್ತದೆ. ಅದರೊಳಗಿನ ರಾಳ ಅಗ್ಗದ್ದಾದರೆ ಲೋಹವೊಂದೇ ಏನು ಮಾಡೀತು?

ಅಂಚಿನ ಅಕ್ಷರಕ್ಕಿಂತ ನಾನು ಹೆಚ್ಚು ನಂಬುವ ಇನ್ನೊಂದು ಗುರುತಿದೆ. ಯುರೋಪಿನ ಆರ್90 ನಿಯಮದಂತೆ ಒಪ್ಪಿಗೆ ಪಡೆದ ಪ್ಯಾಡಿನ ಬೆನ್ನಿನ ಮೇಲೆ ವೃತ್ತದೊಳಗೆ ಇ ಅಕ್ಷರ, ಅದರ ಪಕ್ಕ ಒಪ್ಪಿಗೆ ಕೊಟ್ಟ ದೇಶದ ಸಂಖ್ಯೆ ಇರುತ್ತದೆ: ಜರ್ಮನಿಗೆ 1, ಇಟಲಿಗೆ 3, ನೆದರ್ಲೆಂಡ್ಸ್‌ಗೆ 4, ಬ್ರಿಟನ್ನಿಗೆ 11. ಬದಲಿ ಪ್ಯಾಡಿನ ಹಿಡಿತ ಆ ವಾಹನದ ಮೂಲ ಪ್ಯಾಡಿನ ಹಿಡಿತಕ್ಕಿಂತ ಶೇಕಡಾ 15ಕ್ಕೂ ಹೆಚ್ಚು ವ್ಯತ್ಯಾಸವಾಗಬಾರದು ಎಂಬುದು ಈ ನಿಯಮದ ಒಂದು ಷರತ್ತು. ಹೆಚ್ಚೂ ಆಗಬಾರದು ಎಂಬುದನ್ನು ಗಮನಿಸಬೇಕು. ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಎಷ್ಟು ಬಿಗಿಯಾಗಿ ಹಿಡಿಯಬೇಕೆಂಬ ಹದವನ್ನು ಗಾಡಿ ಮಾಡಿದವರು ಗೊತ್ತುಮಾಡಿರುತ್ತಾರೆ. ಮುಂದಕ್ಕೆ ಮಾತ್ರ ರೇಸಿನ ಪ್ಯಾಡ್ ಹಾಕಿ ಬೀಗುವವರು ಆ ಹದವನ್ನೇ ಕೆಡಿಸುತ್ತಾರೆ. ಇದೇ ನಿಯಮದ ಇನ್ನೊಂದು ಷರತ್ತು ಕರಾವಳಿಯವರಿಗೆ ಇನ್ನೂ ಹತ್ತಿರದ್ದು. ಉಜ್ಜುವ ಪದರವು ಬೆನ್ನಿನ ಉಕ್ಕಿನ ತಗಡಿಗೆ ಅಂಟಿರುವ ಬಲ ಪ್ರತಿ ಚದರ ಸೆಂಟಿಮೀಟರಿಗೆ ಕನಿಷ್ಠ 250 ನ್ಯೂಟನ್, ಅಂದರೆ ಸುಮಾರು 25 ಕಿಲೋ ತೂಕದ ಎಳೆತವನ್ನು ತಾಳುವಷ್ಟಿರಬೇಕು.

ಇದೇಕೆ ಹತ್ತಿರದ್ದು ಎಂದರೆ, ನನ್ನ ಸೆಮಿ ಮೆಟಾಲಿಕ್ ಜೊತೆ ಸತ್ತದ್ದು ಸವೆತದಿಂದ ಅಲ್ಲ, ತುಕ್ಕಿನಿಂದ. ಆಗುಂಬೆಯ ಪ್ರಸಂಗದ ಬಳಿಕವೂ, ಇನ್ನು ಮುಂದೆ ಗೇರಿನಲ್ಲಿ ಇಳಿದರಾಯಿತು ಎಂಬ ಜಿಪುಣತನದಿಂದ ಅದನ್ನೇ ಉಳಿಸಿಕೊಂಡಿದ್ದೆ. ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಎಡಗಡೆಯ ಚಕ್ರದಿಂದ ಕರಕರ ಸದ್ದು ಶುರುವಾಯಿತು. ಮಂಗಳೂರಿನಲ್ಲಿ ನಾನು ವರ್ಷಗಳಿಂದ ಗಾಡಿ ಕೊಡುವ ಮೆಕ್ಯಾನಿಕ್ ಪ್ಯಾಡ್ ಹೊರತೆಗೆದು, ಏನೂ ಹೇಳದೆ, ಉಗುರಿನಿಂದ ಅದರ ಅಂಚನ್ನು ಎಬ್ಬಿಸಿ ತೋರಿಸಿದರು. ಬೆನ್ನಿನ ತಗಡಿನ ಮೇಲೆ ತುಕ್ಕು ಪದರುಪದರಾಗಿ ಉಬ್ಬಿ, ಉಜ್ಜುವ ಪದರವನ್ನು ಒಂದು ಮೂಲೆಯಿಂದ ಮೇಲೆತ್ತಿತ್ತು. "ಪ್ಯಾಡ್ ಇನ್ನೂ ಅರ್ಧ ಉಂಟು ಮಾರಾಯ್ರೆ, ಆದ್ರೆ ಅಂಟು ಇಲ್ಲ," ಎಂದರು. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಹಲವು ಪಟ್ಟು ಹಿಗ್ಗುತ್ತದೆ. ಕಾಂಕ್ರೀಟಿನೊಳಗಿನ ಸರಳು ತುಕ್ಕು ಹಿಡಿದು ತಾರಸಿಯ ಚಕ್ಕೆ ಉದುರುವುದನ್ನು ಸಮುದ್ರದ ಬದಿಯಲ್ಲಿ ಮನೆ ಇರುವ ಎಲ್ಲರೂ ನೋಡಿದ್ದಾರೆ. ಪ್ಯಾಡಿನೊಳಗೆ ನಡೆಯುವುದೂ ಅದೇ. ಅಗ್ಗದ ಪ್ಯಾಡುಗಳಲ್ಲಿ ತಗಡಿನ ಮೇಲಿನ ಬಣ್ಣ ತೆಳುವಾಗಿರುತ್ತದೆ, ಎಷ್ಟೋ ಸಲ ಹಳೆಯ ತುಕ್ಕನ್ನು ಪೂರ್ತಿ ಕೆರೆಯದೆಯೇ ಮೇಲೆ ಬಳಿದಿರುತ್ತಾರೆ. ಬೆಂಗಳೂರಿನಲ್ಲಿ ಅದು ನಾಲ್ಕು ವರ್ಷ ನಡೆಯಬಹುದು. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಇರುವ ಮರವಂತೆಯಲ್ಲಿ ಅಲೆಯ ಹನಿ ಚಕ್ರಕ್ಕೆ ಸಿಡಿಯುವ ನಮ್ಮ ಹೆದ್ದಾರಿಯಲ್ಲಿ ಅಷ್ಟು ನಡೆಯುವುದಿಲ್ಲ. ಆ ದಿನದಿಂದ ನಾನು ಅಂಗಡಿಯಲ್ಲಿ ಪ್ಯಾಡಿನ ಮುಖಕ್ಕಿಂತ ಮೊದಲು ಅದರ ಬೆನ್ನನ್ನು ನೋಡುತ್ತೇನೆ: ಬಣ್ಣ ಒಂದೇ ಸಮನಾಗಿದೆಯೇ, ಅಂಚಿನಲ್ಲಿ ಬರಿ ಉಕ್ಕು ಕಾಣುತ್ತದೆಯೇ, ಪದರಕ್ಕೂ ತಗಡಿಗೂ ನಡುವೆ ಕೂದಲೆಳೆಯ ಬಿರುಕಾದರೂ ಇದೆಯೇ.

ಮುಂದಿನ ಸರದಿ ಸೆರಾಮಿಕ್‌ನದು. ಮೂರು ಜೊತೆಗಳಲ್ಲಿ ಅತಿ ಹೆಚ್ಚು ಹಣ ಕೊಟ್ಟದ್ದು ಇದಕ್ಕೇ. ಒಳ್ಳೆಯ ಗುಣಗಳನ್ನು ಮೊದಲು ಹೇಳಬೇಕು: ಸದ್ದೇ ಇಲ್ಲ, ಅಲಾಯ್ ಚಕ್ರಗಳ ಮೇಲೆ ಕಪ್ಪು ಪುಡಿ ಕೂರುವುದಿಲ್ಲ, ಬೆನ್ನಿನ ತಗಡಿನ ಕೆಲಸ ಅಚ್ಚುಕಟ್ಟು, ಘಾಟಿಯಲ್ಲಿ ಒಮ್ಮೆಯೂ ಕೈಕೊಡಲಿಲ್ಲ. ಆದರೂ ಒಂದು ವರ್ಷದ ಬಳಿಕ, ಇನ್ನೂ ಬಹಳ ಉಳಿದಿರುವಾಗಲೇ, ಅದನ್ನು ತೆಗೆಸಿದೆ. ಕಾರಣ ಮಳೆಗಾಲದ ಬೆಳಗು. ರಾತ್ರಿಯಿಡೀ ಮಳೆಯಲ್ಲಿ ನಿಂತ ಗಾಡಿಯ ಡಿಸ್ಕಿನ ಮೇಲೆ ತೆಳ್ಳನೆ ಕಂದು ತುಕ್ಕು ಹಬ್ಬಿರುತ್ತದೆ; ಡಿಸ್ಕ್ ಬೀಡುಕಬ್ಬಿಣದ್ದಾದ್ದರಿಂದ ಅದು ಸಹಜ. ಲೋಹದ ಅಂಶ ಹೆಚ್ಚಿರುವ ಪ್ಯಾಡ್ ಎರಡು ಸಲ ಒತ್ತುವುದರೊಳಗೆ ಅದನ್ನು ಕೆರೆದು ತೆಗೆಯುತ್ತಿತ್ತು. ಸೆರಾಮಿಕ್ ಮೃದುವಾಗಿ ಸವರಿಕೊಂಡು ಹೋಗುತ್ತಿತ್ತು. ಗೇಟು ದಾಟಿ ಮೊದಲ ಇಳಿಜಾರಿನಲ್ಲಿ ಕಾಲಿಟ್ಟಾಗ ಅರ್ಧ ಕ್ಷಣ ಏನೂ ಆಗದೆ, ಆಮೇಲೆ ಹಿಡಿಯುತ್ತಿತ್ತು. ಹೆದ್ದಾರಿಯಲ್ಲಿ ಜೋರು ಮಳೆಯ ನಡುವೆ ಹತ್ತು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿದ ಮೇಲೆ ಒತ್ತಿದಾಗಲೂ ಅದೇ ಅರ್ಧ ಕ್ಷಣ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಅರ್ಧ ಸೆಕೆಂಡು ಎಂದರೆ 11 ಮೀಟರ್, ನಮ್ಮ ಗಾಡಿಯ ಉದ್ದದ ಎರಡು ಪಟ್ಟಿಗಿಂತ ಹೆಚ್ಚು. ಡಿವೈಡರಿನ ನಡುವಿನ ಜಾಗದಿಂದ ಸ್ಕೂಟರುಗಳು ಯಾವ ಸೂಚನೆಯೂ ಇಲ್ಲದೆ ನುಗ್ಗುವ ನಮ್ಮ 66ನೇ ಹೆದ್ದಾರಿಯಲ್ಲಿ ಆ ಹನ್ನೊಂದು ಮೀಟರನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಎಲ್ಲ ಸೆರಾಮಿಕ್ ಪ್ಯಾಡುಗಳೂ ಹೀಗೆಯೇ ಎಂದು ಯಾರೂ ತಿಳಿಯಬಾರದು. ಸೆರಾಮಿಕ್ ಎಂಬ ಹೆಸರಿನಡಿ ಪ್ರತಿಯೊಬ್ಬ ತಯಾರಕರ ಪಾಕವೂ ಬೇರೆ. ಒಣ ಹವೆಯ ಊರಿನಲ್ಲಿದ್ದು, ಚಕ್ರ ಫಳಫಳ ಹೊಳೆಯಬೇಕು ಎನ್ನುವವರಿಗೆ ನಾನು ಹಾಕಿಸಿದ ಜೊತೆಯೇ ಬಹಳ ಹಿಡಿಸಬಹುದು.

ಈಗ ಇರುವುದು ಟೊಯೊಟಾ ಪೆಟ್ಟಿಗೆಯ ಅಸಲಿ ಪ್ಯಾಡ್. ಇದರ ಬಗ್ಗೆ ಬರೆಯಲು ರೋಚಕವಾದದ್ದೇನೂ ಇಲ್ಲ, ಅದೇ ಇದರ ಗುಣ. ಪೆಡಲಿನ ಮೊದಲ ಒಂದು ಅಂಗುಲದಲ್ಲೇ ಹಿಡಿತ ಶುರುವಾಗುತ್ತದೆ, ಒತ್ತಿದಷ್ಟೂ ಅಳತೆ ಮಾಡಿದಂತೆ ಹೆಚ್ಚುತ್ತದೆ, ಒದ್ದೆಯಲ್ಲೂ ಒಣಗಿದ್ದಾಗಲೂ ಕಾಲಿಗೆ ವ್ಯತ್ಯಾಸ ತಿಳಿಯುವುದು ಬಹಳ ಕಡಿಮೆ. ಚಕ್ರದ ಮೇಲೆ ಪುಡಿ ಕೂರುತ್ತದೆ, ಸೆರಾಮಿಕ್‌ಗಿಂತ ಬೇಗ ತೊಳೆಯಬೇಕಾಗುತ್ತದೆ. ಎರಡು ಮಳೆಗಾಲ ಕಳೆದ ಮೇಲೂ ಬೆನ್ನಿನ ಬಣ್ಣ ಅಂಚಿನಲ್ಲಿ ಮಾತ್ರ ಸ್ವಲ್ಪ ಎದ್ದಿದೆ. ಆಗುಂಬೆಯನ್ನು ಈಗ ಗೇರನ್ನು ನಾವೇ ಆರಿಸಬಹುದಾದ ಎಸ್ ಮೋಡಿನಲ್ಲಿ ಎರಡನೇ ಗೇರಿಗೆ ತಂದು ಇಳಿಯುತ್ತೇನಾದ್ದರಿಂದ ಆ ಮೇ ತಿಂಗಳ ಪರೀಕ್ಷೆಯನ್ನು ಇದಕ್ಕೆ ಒಡ್ಡಿಲ್ಲ, ಒಡ್ಡುವುದೂ ಇಲ್ಲ.

ಕಂಪನಿಯ ಪೆಟ್ಟಿಗೆಯೇ ಆಗಬೇಕೆಂಬ ಹಟ ಬೇಡ ಎನ್ನುವವರಿಗೆ ನಮ್ಮ ಮಾರುಕಟ್ಟೆಯಲ್ಲಿ ಆಯ್ಕೆಗಳಿಗೆ ಬರವಿಲ್ಲ. ಚೆನ್ನೈಯ ಬ್ರೇಕ್ಸ್ ಇಂಡಿಯಾ, ರಾಣೆ ಇವು ದೇಶದ ವಾಹನ ತಯಾರಕರಿಗೇ ಬ್ರೇಕ್ ಭಾಗಗಳನ್ನು ಒದಗಿಸುವ ಹಳೆಯ ಹೆಸರುಗಳು. ಬಾಷ್, ಬ್ರೆಂಬೊ, ಆಸ್ಟ್ರೇಲಿಯಾದಲ್ಲಿ ಮನೆಮಾತಾದ ಬೆಂಡಿಕ್ಸ್ ಕೂಡ ಇವೆ. ಬ್ರಿಟನ್ನಿನ ಇಬಿಸಿ ತನ್ನ ಗ್ರೀನ್‌ಸ್ಟಫ್ ಸರಣಿಯಲ್ಲಿ ಭಾರದ ಎಸ್‌ಯುವಿಗಳಿಗೆಂದೇ 6000 ಎಂಬ ಬೇರೆ ಪಾಕವನ್ನಿಟ್ಟಿದೆ. ಕಾರಿಗೆ ಮತ್ತು ಎಸ್‌ಯುವಿಗೆ ಒಂದೇ ಪಾಕ ಹೊಂದುವುದಿಲ್ಲವೆಂದು ತಯಾರಕರೇ ಒಪ್ಪಿಕೊಂಡಂತಾಯಿತು. ಹೆಸರು ಯಾವುದಾದರೂ ಸರಿ, ನಿಮ್ಮ ಗಾಡಿಯ ಮಾದರಿಗೆಂದು ಹೇಳಿದ ಭಾಗಸಂಖ್ಯೆ, ಅಂಚಿನ ಎರಡು ಅಕ್ಷರ, ಬೆನ್ನಿನ ವೃತ್ತ ಈ ಮೂರನ್ನೂ ನೋಡದೆ ಕೊಳ್ಳಬಾರದು.

ಅಂಗಡಿಗೆ ಹೋಗುವಾಗ ಆರ್‌ಸಿ ಪುಸ್ತಕದಲ್ಲಿರುವ ಚಾಸಿ ಸಂಖ್ಯೆಯನ್ನು ಬರೆದುಕೊಂಡು ಹೋಗಬೇಕು. ಬರಿಯ ಫಾರ್ಚೂನರ್ ಎಂದರೆ ಸಾಲದು. 2009ರಲ್ಲಿ ನಮ್ಮ ದೇಶಕ್ಕೆ ಬಂದ ಮೊದಲ ಫಾರ್ಚೂನರ್‌ನಲ್ಲಿ ಹಿಂದೆ ಡ್ರಮ್ ಬ್ರೇಕ್ ಇದ್ದರೆ, 2016ರ ಕೊನೆಯಲ್ಲಿ ಬಂದ ಎರಡನೆಯ ತಲೆಮಾರಿಗೆ ನಾಲ್ಕೂ ಕಡೆ ಡಿಸ್ಕ್. ಮುಂದಿನ ಪ್ಯಾಡಿನ ಆಕಾರವೂ ಒಂದೇ ಅಲ್ಲ. ಮಂಗಳೂರಿನ ಒಂದು ದೊಡ್ಡ ಬಿಡಿಭಾಗದ ಅಂಗಡಿಯಲ್ಲಿ ನನಗೆ ಒಮ್ಮೆ ಬೇರೆ ಮಾದರಿಯ ಪೆಟ್ಟಿಗೆಯನ್ನೇ ಕೊಟ್ಟು, ತುಸು ಉಜ್ಜಿದರೆ ಕೂರುತ್ತದೆ ಎಂದಿದ್ದರು. ಬ್ರೇಕಿನಲ್ಲಿ ಉಜ್ಜಿ ಕೂರಿಸುವ ವಿದ್ಯೆ ಬೇಡವೆಂದು ಎದ್ದು ಬಂದೆ. ನಕಲಿಯ ಭಯವೂ ಇದ್ದೇ ಇದೆ. ಪೆಟ್ಟಿಗೆಯ ಸೀಲು ಮುರಿದಿದ್ದರೆ, ಮುದ್ರಣದ ಬಣ್ಣ ಹರಡಿದ್ದರೆ, ಪೆಟ್ಟಿಗೆಯ ಮೇಲಿನ ಸಂಖ್ಯೆಗೂ ಪ್ಯಾಡಿನ ಬೆನ್ನಿನ ಗುರುತಿಗೂ ತಾಳೆಯಾಗದಿದ್ದರೆ, ಎಷ್ಟೇ ಪರಿಚಯದ ಅಂಗಡಿಯಾದರೂ ಹಿಂದಿರುಗಿಸಬೇಕು. ಬಿಲ್ಲು ಕೇಳಿದಾಗ ಮುಖ ಸಣ್ಣದಾದರೆ ಅದೂ ಒಂದು ಸುಳಿವೇ.

ಕೂರಿಸುವ ಕೆಲಸ ಅರ್ಧ ಗಂಟೆಯದು, ಅದಕ್ಕೇ ಅದರಲ್ಲಿ ಅವಸರ ಹೆಚ್ಚು. ಈ ಗಾಡಿಯ ಮುಂದಿನ ಕ್ಯಾಲಿಪರ್, ಅಂದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಇಕ್ಕಳದಂಥ ಭಾಗ, ಅಲುಗದೆ ನಿಂತಿರುವ, ಎರಡು ಬದಿಯಿಂದಲೂ ಪಿಸ್ಟನ್‌ಗಳು ಒತ್ತುವ ಬಗೆಯದು. ಪಿನ್ನುಗಳನ್ನು ಎಳೆದರೆ ಕ್ಯಾಲಿಪರ್ ಬಿಚ್ಚದೆಯೇ ಹಳೆಯ ಪ್ಯಾಡ್ ಈಚೆ ಬರುತ್ತದೆ. ಸುಲಭವೆಂದು ಎಷ್ಟೋ ಕಡೆ ಹಳೆಯದನ್ನು ಎಳೆದು ಹೊಸದನ್ನು ತುರುಕಿ ಕಳಿಸುತ್ತಾರೆ. ಪ್ಯಾಡಿನ ತಗಡಿನ ಚಾಚಿದ ತುದಿಗಳು, ಅಂದರೆ ಕಿವಿಗಳು, ಕೂರುವ ಜಾಗದ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆಯದಿದ್ದರೆ ಹೊಸ ಪ್ಯಾಡ್ ಮುಂದೆ ಹೋಗಿ ಹಿಂದೆ ಬರಲಾರದೆ ಡಿಸ್ಕಿಗೆ ಅಂಟಿಕೊಂಡೇ ಓಡುತ್ತದೆ, ಮೈಲೇಜೂ ಹೋಗುತ್ತದೆ, ಪ್ಯಾಡೂ ಹೋಗುತ್ತದೆ. ಹಳೆಯ ಪ್ಯಾಡುಗಳನ್ನು ಬಿಸಾಡುವ ಮೊದಲು ನಾಲ್ಕನ್ನೂ ಸಾಲಾಗಿ ಇಟ್ಟು ನೋಡಬೇಕು. ಒಂದು ಮಾತ್ರ ಹೆಚ್ಚು ಸವೆದಿದ್ದರೆ, ಅಥವಾ ಓರೆಯಾಗಿ ಸವೆದಿದ್ದರೆ, ಆ ಬದಿಯ ಪಿಸ್ಟನ್ ಸಿಕ್ಕಿಕೊಂಡಿದೆ ಎಂದರ್ಥ, ಅದನ್ನು ಸರಿಪಡಿಸದೆ ಹೊಸದಕ್ಕೆ ಸುರಿದ ಹಣ ನೀರಿಗೆ ಸುರಿದಂತೆ. ಹಿಂದಿನ ಚಕ್ರದ ಕ್ಯಾಲಿಪರ್ ಮಾತ್ರ ಜಾರುವ ಬಗೆಯದು, ಅದರ ಪಿನ್ನುಗಳು ನಮ್ಮ ಹವೆಯಲ್ಲಿ ಒಣಗಿ ಹಿಡಿದುಕೊಳ್ಳುತ್ತವೆ. ಒಳಗಿನ ಪ್ಯಾಡ್ ಪೂರ್ತಿ ಸವೆದು ಹೊರಗಿನದು ಹೊಸದರಂತೆ ಉಳಿದಿದ್ದರೆ ರೋಗ ಅಲ್ಲೇ ಇದೆ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಅವನ್ನು ತೆಗೆಸಿ ಬ್ರೇಕಿಗೆಂದೇ ಇರುವ ಗ್ರೀಸ್ ಹಚ್ಚಿಸುತ್ತೇನೆ. ಸಾದಾ ಗ್ರೀಸ್ ರಬ್ಬರನ್ನು ಉಬ್ಬಿಸುತ್ತದೆ.

ಡಿಸ್ಕ್ ಎಷ್ಟು ತೆಳುವಾಗಬಹುದು ಎಂಬ ಕನಿಷ್ಠ ದಪ್ಪ ಡಿಸ್ಕಿನ ಮೇಲೆಯೇ ಕೊರೆದಿರುತ್ತದೆ. ಅಳೆಯದೆ ಲೇತಿಗೆ ಕೊಟ್ಟು ಕೆತ್ತಿಸುವುದನ್ನು ಒಪ್ಪಬಾರದು. ಎರಡೂ ಬದಿಗಳ ಪ್ಯಾಡುಗಳನ್ನು ಒಟ್ಟಿಗೇ ಬದಲಿಸಬೇಕು. ಎಲ್ಲ ಮುಗಿದ ಮೇಲೆ, ಗಾಡಿ ಕದಲಿಸುವ ಮೊದಲು, ಪೆಡಲನ್ನು ಗಟ್ಟಿಯಾಗುವ ತನಕ ಹಲವು ಸಲ ಒತ್ತಬೇಕು. ಹಿಂದಕ್ಕೆ ತಳ್ಳಿದ ಪಿಸ್ಟನ್‌ಗಳು ಪ್ಯಾಡನ್ನು ಮುಟ್ಟುವವರೆಗೆ ಮೊದಲ ಒಂದೆರಡು ಒತ್ತಿಗೆ ಬ್ರೇಕೇ ಇರುವುದಿಲ್ಲ. ಗ್ಯಾರೇಜಿನಿಂದ ರಿವರ್ಸಿನಲ್ಲಿ ಬಂದು ಎದುರಿನ ಗೋಡೆಗೆ ತಾಗಿಸಿದವರನ್ನು ನಾನು ಕಣ್ಣಾರೆ ನೋಡಿದ್ದೇನೆ.

ಹೊಸ ಪ್ಯಾಡನ್ನು ಪಳಗಿಸುವುದಕ್ಕೆ ನಾನು ಹೋಗುವುದು ಪಡುಬಿದ್ರಿಯಿಂದ ಬೆಳ್ಮಣ್ಣಿನ ಮೂಲಕ ಕಾರ್ಕಳಕ್ಕೆ ಹೋಗುವ ರಸ್ತೆಗೆ, ಭಾನುವಾರ ಬೆಳಗಿನ ಆರು ಗಂಟೆಗೆ. ಗಂಟೆಗೆ 60 ಕಿ.ಮೀ.ಗೆ ಏರಿಸಿ, ಪೂರ್ತಿ ನಿಲ್ಲಿಸದೆ 20ಕ್ಕೆ ಇಳಿಸಿ, ಅರ್ಧ ಕಿಲೋಮೀಟರ್ ಬ್ರೇಕ್ ಮುಟ್ಟದೆ ಓಡಿಸಿ ಪುನಃ ಅದೇ. ಹೀಗೆ ಹತ್ತು ಸಲ. ಪ್ಯಾಡಿನ ತೆಳುವಾದ ಪದರವೊಂದು ಡಿಸ್ಕಿನ ಮೇಲೆ ಸಮನಾಗಿ ಹರಡಬೇಕು, ಪ್ಯಾಡಿನ ಮೇಲ್ಪದರದ ರಾಳದಿಂದ ಹೊರಡಬೇಕಾದ ಅನಿಲ ಹೊರಟುಹೋಗಬೇಕು. ಹೊಸ ಪ್ಯಾಡ್ ಹಾಕಿಸಿ ನೇರವಾಗಿ ಘಾಟಿಗೆ ಹೋದವರಿಗೆ ಮೊದಲ ಇಳಿಜಾರಿನಲ್ಲೇ ಹಿಡಿತ ತಪ್ಪುವುದು ಆ ಅನಿಲದಿಂದಲೇ. ಕೊನೆಯ ಸಲದ ಬಳಿಕ ಬಿಸಿ ಡಿಸ್ಕಿನ ಮೇಲೆ ಪ್ಯಾಡನ್ನು ಒತ್ತಿ ಹಿಡಿದು ನಿಲ್ಲಬಾರದು, ಕಾರ್ಕಳದ ತನಕ ನಿಧಾನವಾಗಿ ಓಡಿಸಿ ತಣಿಸಬೇಕು. ಅಲ್ಲಿ ಆ ಹೊತ್ತಿಗೆ ಹೋಟೆಲುಗಳಲ್ಲಿ ಬಿಸಿ ಬನ್ಸ್ ಸಿಗುತ್ತದೆ, ಆದ್ದರಿಂದ ಈ ಕೆಲಸಕ್ಕೆ ಮನೆಯಲ್ಲಿ ಯಾರೂ ತಕರಾರು ಮಾಡುವುದಿಲ್ಲ.

ಕಾಪು, ಮಲ್ಪೆಯ ಕಡೆ ಮರಳಿನ ಮೇಲೆ ಗಾಡಿ ಇಳಿಸುವ ಹವ್ಯಾಸವಿರುವವರು ಅದೇ ದಿನ ಚಕ್ರಗಳ ಒಳಬದಿಗೆ ಸಿಹಿನೀರು ಹಾಯಿಸಿ, ಆಮೇಲೆ ಒಂದೆರಡು ಕಿಲೋಮೀಟರ್ ಓಡಿಸಿ, ಹಗುರವಾಗಿ ಬ್ರೇಕ್ ಒತ್ತಿ ಡಿಸ್ಕನ್ನು ಒಣಗಿಸಿ ನಿಲ್ಲಿಸಬೇಕು. ತೊಳೆದು ಹಾಗೆಯೇ ಶೆಡ್ಡಿಗೆ ಹಾಕಿದರೆ ಬೆಳಗಾಗುವಾಗ ಪ್ಯಾಡ್ ಡಿಸ್ಕಿಗೆ ಕಚ್ಚಿಕೊಂಡಿರುತ್ತದೆ.

ಹೊಸ ಪ್ಯಾಡಿನ ಪದರ ಸುಮಾರು 10 ಮಿಲಿಮೀಟರ್ ಇರುತ್ತದೆ, 3 ಮಿಲಿಮೀಟರ್ ಉಳಿದಾಗ ಬದಲಿಸಬೇಕೆಂಬುದು ಸಾಮಾನ್ಯ ಲೆಕ್ಕ. ಪ್ಯಾಡ್ ಸವೆದಾಗ ಡಿಸ್ಕಿಗೆ ತಾಗಿ ಕೀಚಲು ಸದ್ದು ಮಾಡುವ ತಗಡಿನ ಎಚ್ಚರಿಕೆ ಅದಕ್ಕೂ ಆಮೇಲೆ ಬರುತ್ತದೆ. ಪದರ ತೆಳುವಾದಷ್ಟೂ ಶಾಖ ಬೇಗ ಪಿಸ್ಟನ್ನಿಗೂ ಅದರ ಹಿಂದಿನ ಆಯಿಲ್‌ಗೂ ದಾಟುವುದರಿಂದ, ಘಾಟಿ ಇಳಿಯುವವನಾಗಿ ನಾನು 4ಕ್ಕೇ ಬದಲಿಸುತ್ತೇನೆ. ಕಳೆದ ವಾರ ಚಕ್ರ ಕಳಚಿ ಅಳೆಸಿದಾಗ ಬಲಗಡೆ 5, ಎಡಗಡೆ ನಾಲ್ಕೂವರೆ ಬಂತು. ಜೂನ್ ಮೊದಲ ವಾರದಲ್ಲಿ ತೀರ್ಥಹಳ್ಳಿಗೆ ಹೋಗುವುದಿದೆ. ಅದಕ್ಕಿಂತ ಮೊದಲು ಹಾಕಿಸಲೆಂದು ಅದೇ ಭಾಗಸಂಖ್ಯೆಯ ಹೊಸ ಜೊತೆಯನ್ನು ತಂದು, ಸೀಲು ಒಡೆಯದೆ, ಕಪಾಟಿನ ಮೇಲಿಟ್ಟಿದ್ದೇನೆ.